ದೊಡ್ಡ ವಿಮಾನ ಇಳಿದು ಹೋದ ಮೇಲೆ ಗಾಳಿಯಲ್ಲಿ ಏನು ಉಳಿಯುತ್ತದೆ?

ಕಳೆದ ಸಂಚಿಕೆಯಲ್ಲಿ ವಿಮಾನ ಯಾಕೆ ಕುಲುಕುತ್ತದೆ ಎಂದು ಬರೆಯುವಾಗ ಕೊನೆಗೆ ಒಂದು ಸಾಲು ಸೇರಿಸಿದ್ದೆ. ದೊಡ್ಡ ವಿಮಾನದ ಬೆನ್ನಿಗೇ ಸಣ್ಣ ವಿಮಾನ ಇಳಿಸುವುದು ಅಪಾಯ, ಅದರ ಕತೆ ಬೇರೆ ಅಂತ. ಆ ಒಂದು ಸಾಲಿಗೇ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಎಲ್ಲ ಪತ್ರ ಹಾಕಲು ಜಾಗ ಇಲ್ಲ, ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಮಗಳು ಪೈಲಟ್ ತರಬೇತಿಯಲ್ಲಿದ್ದಾಳೆ, ಸೆಸ್ನಾ ಎಂಬ ಪುಟ್ಟ ವಿಮಾನ ಹಾರಿಸುತ್ತಾಳೆ. ಮೊನ್ನೆ ಫೋನಿನಲ್ಲಿ "ಎಟಿಆರ್ ಇಳೀತು ಅಂತ ನಮ್ಮನ್ನ ಮೇಲೇ ಸುತ್ತು ಹಾಕಿಸಿದ್ರಮ್ಮ" ಅಂದಳು. ಆ ವಿಮಾನ ಇಳಿದು ರನ್‌ವೇ ಬಿಟ್ಟು ಹೋದ ಮೇಲೂ ಇವರು ಯಾಕೆ ಕಾಯಬೇಕು? ಅದರ ಇಂಜಿನ್ನಿನ ಬಿಸಿ ಗಾಳಿಗಾ?
(ಒಬ್ಬ ತಾಯಿ, ದಾವಣಗೆರೆ)

ಅಮ್ಮಾ, ಸುತ್ತು ಹಾಕಿಸಿದವರು ನಿಮ್ಮ ಮಗಳಿಗೆ ಒಳ್ಳೆಯದನ್ನೇ ಮಾಡಿದ್ದಾರೆ, ಮೊದಲು ಅದನ್ನು ತಿಳಿದುಕೊಂಡು ನಿರಾಳವಾಗಿರಿ.

ಇಂಜಿನ್ನಿನ ಗಾಳಿ ಅಲ್ಲ. ಜೆಟ್ ಇಂಜಿನ್ನಿನ ಹಿಂದೆ ನಿಂತರೆ ಅದೂ ಎತ್ತಿ ಬಿಸಾಡುತ್ತದೆ, ಸುಳ್ಳಲ್ಲ, ಆದರೆ ಅದರ ಆಟ ಸ್ವಲ್ಪ ದೂರದವರೆಗೆ ಮಾತ್ರ. ಇಲ್ಲಿ ತಂಟೆ ಮಾಡುವುದು ರೆಕ್ಕೆ. ಇಂಜಿನ್ನೇ ಇಲ್ಲದ ಗ್ಲೈಡರ್ ಕೂಡ ತನ್ನ ತೂಕಕ್ಕೆ ತಕ್ಕಷ್ಟು ಸುಳಿಯನ್ನು ಹಿಂದೆ ಬಿಟ್ಟೇ ಹೋಗುತ್ತದೆ.

ರೆಕ್ಕೆ ವಿಮಾನವನ್ನು ಎತ್ತಿ ಹಿಡಿದಿರುವಾಗ ಅದರ ಕೆಳಗಡೆ ಗಾಳಿಯ ಒತ್ತಡ ಜಾಸ್ತಿ, ಮೇಲ್ಗಡೆ ಕಡಿಮೆ. ಒತ್ತಡ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಗಾಳಿ ನುಗ್ಗಲು ನೋಡುತ್ತದೆ, ಅಲ್ವಾ? ರೆಕ್ಕೆಯ ಮಧ್ಯದಲ್ಲಿ ಅದಕ್ಕೆ ದಾರಿ ಇಲ್ಲ. ತುದಿಯಲ್ಲಿ ಇದೆ. ಅಲ್ಲಿ ಕೆಳಗಿನ ಗಾಳಿ ಹೊರಕ್ಕೆ ಜಾರಿ, ಮೇಲಕ್ಕೆ ಹೊರಳಿ, ಸುತ್ತಿಕೊಳ್ಳುತ್ತದೆ. ವಿಮಾನ ಮುಂದೆ ಹೋಗುತ್ತಲೇ ಇರುವುದರಿಂದ ಎರಡೂ ತುದಿಗಳಿಂದ ಹಗ್ಗ ಹೊಸೆದ ಹಾಗೆ ಎರಡು ಉದ್ದನೆಯ ಸುಳಿಗಳು ಹಿಂದೆ ಉಳಿಯುತ್ತವೆ. ಹಿಂದಿನಿಂದ ನೋಡಿದರೆ ಎಡಗಡೆಯದು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಬಲಗಡೆಯದು ಅದಕ್ಕೆ ತದ್ವಿರುದ್ಧ. ಎರಡರ ನಡುವೆ ಗಾಳಿ ಕೆಳಕ್ಕೆ ಸುರಿಯುತ್ತಿರುತ್ತದೆ, ಹೊರಗಡೆ ಮೇಲಕ್ಕೆ ಏಳುತ್ತಿರುತ್ತದೆ. ಇದಕ್ಕೇ ವೇಕ್ ಟರ್ಬುಲೆನ್ಸ್ ಅನ್ನುವುದು.

ಕಣ್ಣಿಗೆ ಇದು ಕಾಣುವುದಿಲ್ಲ, ಅದೇ ದೊಡ್ಡ ತೊಂದರೆ. 1990ರಲ್ಲಿ ನಾಸಾದವರು ಅಮೆರಿಕದ ವಾಲಪ್ಸ್ ದ್ವೀಪದಲ್ಲಿ ನೆಲದಿಂದ ಕೆಂಪು ಹೊಗೆ ಬಿಟ್ಟು ಅದರ ಮೇಲೆ ಹೊಲಕ್ಕೆ ಔಷಧಿ ಹೊಡೆಯುವಂಥ ಒಂದು ಸಣ್ಣ ವಿಮಾನವನ್ನು ಹಾರಿಸಿದರು. ರೆಕ್ಕೆಯ ತುದಿ ದಾಟಿದ್ದೇ ತಡ, ಹೊಗೆ ದೊಡ್ಡ ಸುರುಳಿಯಾಗಿ ಸುತ್ತಿಕೊಂಡ ಫೋಟೋ ಇವತ್ತಿಗೂ ಪೈಲಟ್ ತರಗತಿಗಳಲ್ಲಿ ಓಡಾಡುತ್ತದೆ. ಮಗಳನ್ನು ಕೇಳಿ, ಅವಳು ನೋಡಿಯೇ ಇರುತ್ತಾಳೆ. ಅಷ್ಟು ಪುಟ್ಟ ವಿಮಾನಕ್ಕೇ ವಿಮಾನಕ್ಕಿಂತ ದೊಡ್ಡ ಸುಳಿ!

ಇನ್ನು ಎಟಿಆರ್ ವಿಷಯ. ಎಟಿಆರ್ 72 ಎಂಬ ಪ್ರಯಾಣಿಕರ ವಿಮಾನ ತುಂಬಿದಾಗ ಸುಮಾರು 23 ಟನ್. ಸೆಸ್ನಾ 172 ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ, 152 ಆದರೆ ಮುಕ್ಕಾಲು ಟನ್. ಸುಳಿಯ ಬಲ ಮುಖ್ಯವಾಗಿ ಮೂರರ ಮೇಲೆ ನಿಂತಿದೆ: ವಿಮಾನ ಎಷ್ಟು ಭಾರ, ಎಷ್ಟು ನಿಧಾನ, ರೆಕ್ಕೆಯ ಫ್ಲಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಕೆಳಕ್ಕೆ ಚಾಚುವ ಹಲಗೆ) ಬಿಚ್ಚಿದೆಯೋ ಇಲ್ಲವೋ. ಭಾರ ಜಾಸ್ತಿ ಆದಷ್ಟೂ, ವೇಗ ಕಡಿಮೆ ಆದಷ್ಟೂ ಸುಳಿ ಬಲವಾಗುತ್ತದೆ. ಇಳಿಯುವ ವಿಮಾನ ನಿಧಾನವಾಗಿಯೇ ಇರುತ್ತದಲ್ಲ. ಫ್ಲಾಪ್ ಬಿಚ್ಚಿದ್ದರೆ ಸುಳಿ ಸ್ವಲ್ಪ ಚದುರುತ್ತದೆ, ಇಲ್ಲ ಅನ್ನುವುದಿಲ್ಲ, ಆದರೆ ಅದನ್ನು ನಂಬಿಕೊಂಡು ಹಿಂದೆ ಹೋಗುವಂತಿಲ್ಲ. ಅಂತರರಾಷ್ಟ್ರೀಯ ನಿಯಮದ ಲೆಕ್ಕದಲ್ಲಿ 7 ಟನ್ನಿನವರೆಗೆ ಲೈಟ್, ಅಲ್ಲಿಂದ 136 ಟನ್ನಿನವರೆಗೆ ಮೀಡಿಯಂ, ಅದರಾಚೆ ಹೆವಿ, ಎಲ್ಲಕ್ಕಿಂತ ದೊಡ್ಡ ಪ್ರಯಾಣಿಕರ ವಿಮಾನವಾದ ಎ380 ಒಂದಕ್ಕೆ ಪ್ರತ್ಯೇಕವಾಗಿ ಸೂಪರ್. ಅಂದರೆ ನಿಮ್ಮ ಮಗಳು ಲೈಟ್, ಎಟಿಆರ್ ಮೀಡಿಯಂ. ಮೀಡಿಯಂ ಅಥವಾ ಹೆವಿ ಇಳಿದ ಮೇಲೆ ಲೈಟ್ ಇಳಿಯಲು 3 ನಿಮಿಷದ ಅಂತರ. ಎ380 ಆದರೆ 4 ನಿಮಿಷ. ಆ ಸುತ್ತು ಹಾಕಿಸಿದ್ದು ಈ ಲೆಕ್ಕಕ್ಕೆ.

ಮೈಸೂರಿನಂಥ ಕಡೆ ಪ್ರಯಾಣಿಕರ ವಿಮಾನ ಇಳಿಯುವ ರನ್‌ವೇ ಮೇಲೇ ತರಬೇತಿಯ ಸಣ್ಣ ವಿಮಾನಗಳೂ ಇಳಿಯುತ್ತವೆ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ಎಲ್ಲ ಸಣ್ಣವೇ ಆದ್ದರಿಂದ ಅಲ್ಲಿ ಕಲಿತವರಿಗೆ ಇದರ ಬಿಸಿ ತಟ್ಟುವುದು ಬೇರೆ ಊರಿಗೆ ಹೋದಾಗಲೇ.

ಪ್ರಶ್ನೆ: ಸ್ವಾಮಿ, ಗಾಳಿ ಸುತ್ತಿದ್ದಕ್ಕೆ ವಿಮಾನ ಬೀಳುತ್ತದೆ ಅನ್ನುವುದು ಸ್ವಲ್ಪ ಅತಿಯಾಯಿತು ಅನ್ನಿಸುವುದಿಲ್ಲವೇ? ನಿಜವಾಗಿ ಯಾರಾದರೂ ಸತ್ತಿದ್ದಾರೆಯೇ?
(ನಿವೃತ್ತ ಉಪಾಧ್ಯಾಯರು, ತುಮಕೂರು)

ಸತ್ತಿದ್ದಾರೆ, ಮೇಷ್ಟ್ರೇ. ಈಗಿನ ನಿಯಮಗಳೆಲ್ಲ ಬಂದಿರುವುದೇ ಹಾಗೆ.

1972ರ ಮೇ 30. ಟೆಕ್ಸಾಸಿನ ಫೋರ್ಟ್ ವರ್ತ್ ಹತ್ತಿರದ ಗ್ರೇಟರ್ ಸೌತ್‌ವೆಸ್ಟ್ ವಿಮಾನ ನಿಲ್ದಾಣ. ಡೆಲ್ಟಾ ಕಂಪನಿಯ ಡಿಸಿ-9 ಒಂದು ತರಬೇತಿ ಹಾರಾಟದಲ್ಲಿತ್ತು. ಅದರ ಮುಂದೆ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10, ಆಗಿನ ಕಾಲಕ್ಕೆ ಹೊಸದಾಗಿ ಬಂದಿದ್ದ ದೊಡ್ಡ ಜೆಟ್. ಅದೂ ತರಬೇತಿಗೇ ಬಂದಿತ್ತು, ರನ್‌ವೇ ಮುಟ್ಟಿ ಮತ್ತೆ ಏರುತ್ತಿತ್ತು. ಡಿಸಿ-9 ಅದರ ಹಿಂದೆಯೇ ಇಳಿಯಲು ಬಂತು. ರನ್‌ವೇ ಇನ್ನೇನು ಸಿಕ್ಕಿತು ಅನ್ನುವಾಗ ವಿಮಾನ ಆಚೆ ಈಚೆ ಹೊಯ್ದಾಡಿ ಬಲಕ್ಕೆ ಉರುಳಿತು. ರೆಕ್ಕೆ ನೆಲಕ್ಕೆ ಬಡಿಯಿತು. ಒಳಗಿದ್ದ ನಾಲ್ವರೂ ಸತ್ತರು. ಡಿಸಿ-9 ಸಣ್ಣ ವಿಮಾನ ಅಲ್ಲ ಅನ್ನುವುದನ್ನು ಗಮನಿಸಿ, ಅದೂ ಪ್ರಯಾಣಿಕರ ಜೆಟ್ಟೇ. ದೊಡ್ಡ ಜೆಟ್‌ಗಳ ಹಿಂದೆ ಎಷ್ಟು ದೂರ ಬಿಡಬೇಕು ಎಂಬ ಲೆಕ್ಕ ಬಿಗಿಯಾಗಿದ್ದು ಅದಾದ ಮೇಲೆ.

ಇಪ್ಪತ್ತು ವರ್ಷ ಬಿಟ್ಟು ಬೋಯಿಂಗ್ 757ರ ಸರದಿ. ತೂಕದ ಲೆಕ್ಕದಲ್ಲಿ ಅದು 116 ಟನ್ನಿನ ಹತ್ತಿರ, ಅಂದರೆ ಹೆವಿ ಅಲ್ಲ. ಆದರೆ ಅದರ ಸುಳಿ ಮಾತ್ರ ತೂಕಕ್ಕೆ ಮೀರಿದ್ದು. 1992ರ ಡಿಸೆಂಬರ್‌ನಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ 757ರ ಹಿಂದೆ ಇಳಿಯುತ್ತಿದ್ದ ಸೆಸ್ನಾ ಸಿಟೇಶನ್ ಜೆಟ್ ಬಿದ್ದು 8 ಜನ ಸತ್ತರು. ಹೆಚ್ಚುಕಡಿಮೆ ಒಂದು ವರ್ಷಕ್ಕೆ, 1993ರ ಡಿಸೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಇನ್ನೊಂದು 757ರ ಹಿಂದೆ ಬರುತ್ತಿದ್ದ ವೆಸ್ಟ್‌ವಿಂಡ್ ಜೆಟ್ ಬಿದ್ದು 5 ಜನ. ಆ ಸಣ್ಣ ಜೆಟ್ ದೊಡ್ಡದರ ಹಾದಿಗಿಂತ ಕೆಳಗೆ ಬರುತ್ತಿತ್ತು. ಈ ಎರಡಾದ ಮೇಲೆ ಅಮೆರಿಕದಲ್ಲಿ 757ಕ್ಕೆ ಅಂತಲೇ ಬೇರೆ ನಿಯಮ ಮಾಡಿದರು.

2008ರ ನವೆಂಬರ್ 4ರಂದು ಮೆಕ್ಸಿಕೊ ಸಿಟಿಯಲ್ಲಿ ಬೋಯಿಂಗ್ 767ರ ಹಿಂದೆ ಇಳಿಯಲು ಬರುತ್ತಿದ್ದ ಲಿಯರ್‌ಜೆಟ್ 45 ಊರಿನ ನಡುವೆ ರಸ್ತೆಗೇ ಬಿತ್ತು. ಅದರಲ್ಲಿ ಇದ್ದವರು ಆ ದೇಶದ ಗೃಹ ಮಂತ್ರಿ ಹುವಾನ್ ಕಮಿಲೊ ಮೌರಿನ್ಯೊ. ವಿಮಾನದಲ್ಲಿದ್ದ 9 ಜನರೂ ಹೋದರು, ರಸ್ತೆಯಲ್ಲಿದ್ದವರೂ ಸತ್ತರು. ಮಂತ್ರಿಯ ವಿಮಾನ ಅಂದ ಮೇಲೆ ಪಿತೂರಿ ಅನ್ನುವ ಗುಸುಗುಸು ಹುಟ್ಟುವುದು ಸಹಜ. ತನಿಖೆಯಲ್ಲಿ ಸಿಕ್ಕಿದ್ದು ಇದೇ ಸುಳಿ.

ಇಳಿಯುವಾಗಿನದ್ದಲ್ಲ, ಆದರೂ ನಮ್ಮ ಪಕ್ಕದ್ದು ಅಂತ ಇನ್ನೊಂದು ಹೇಳುತ್ತೇನೆ. 2017ರ ಜನವರಿ 7. ಅರಬ್ಬೀ ಸಮುದ್ರದ ಮೇಲೆ ಮಾಲೆಯಿಂದ ಬರ್ಲಿನ್‌ಗೆ ಹೋಗುತ್ತಿದ್ದ ಚಾಲೆಂಜರ್ 604 ಜೆಟ್, 34,000 ಅಡಿಯಲ್ಲಿ. ಎದುರಿನಿಂದ ಎ380 ಬಂತು, 1,000 ಅಡಿ ಮೇಲೆ. ನಿಯಮದ ಪ್ರಕಾರ ಅಷ್ಟು ಅಂತರ ಸಾಕು. ಎ380 ದಾಟಿ ಹೋದ ಸ್ವಲ್ಪ ಹೊತ್ತಿಗೆ ಚಾಲೆಂಜರ್ ಸುತ್ತ ಸುತ್ತ ಉರುಳಿ ಸುಮಾರು 9,000 ಅಡಿ ಕೆಳಗೆ ಬಂತು. ಪೈಲಟ್‌ಗಳು ಹೇಗೋ ಹತೋಟಿಗೆ ತಂದು ಮಸ್ಕತ್‌ನಲ್ಲಿ ಇಳಿಸಿದರು. ಒಳಗಿದ್ದವರಿಗೆ ಪೆಟ್ಟಾಗಿತ್ತು. ವಿಮಾನ ಮಾತ್ರ ಮತ್ತೆ ರಿಪೇರಿ ಮಾಡಿಸಲು ಲಾಯಕ್ಕಾಗಿ ಉಳಿಯಲಿಲ್ಲ.

ಈಗ ಹೇಳಿ ಮೇಷ್ಟ್ರೇ, ಅತಿಯಾಯಿತಾ?

ಪ್ರಶ್ನೆ: ಸರ್, "ಅದರ ಹಾದಿಗಿಂತ ಮೇಲೆ ಬಾ, ಅದು ಮುಟ್ಟಿದ ಜಾಗಕ್ಕಿಂತ ಮುಂದೆ ಇಳಿ" ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇನೆ. ಅಂಕವೂ ಬಂತು. ಆದರೆ ಸೀಟಿನಲ್ಲಿ ಕೂತಾಗ ಇದನ್ನು ಹೇಗೆ ಮಾಡುವುದು? ಅದರ ಹಾದಿ ನನಗೆಲ್ಲಿ ಕಾಣುತ್ತದೆ?
(ತರಬೇತಿ ಪೈಲಟ್, ಬೆಂಗಳೂರು)

ಒಳ್ಳೆಯ ಪ್ರಶ್ನೆ. ಬಾಯಿಪಾಠ ಮಾಡಿದ್ದೇನೆ ಅಂತ ಒಪ್ಪಿಕೊಂಡಿದ್ದು ಇನ್ನೂ ಒಳ್ಳೆಯದು, ನಮ್ಮಲ್ಲಿ ತುಂಬಾ ಜನ ಒಪ್ಪುವುದಿಲ್ಲ.

ಹಾದಿ ಕಾಣುವುದಿಲ್ಲ, ಸರಿ. ಹಾಗಾಗಿ ಅದು ಹೋಗುತ್ತಿರುವಾಗಲೇ ನೋಡಿಟ್ಟುಕೊಳ್ಳಬೇಕು. ನೀವು ಡೌನ್‌ವಿಂಡ್‌ನಲ್ಲಿದ್ದೀರಿ, ಅಂದರೆ ರನ್‌ವೇ ಪಕ್ಕದಲ್ಲಿ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುತ್ತಿದ್ದೀರಿ, ರನ್‌ವೇ ನಿಮ್ಮ ಎಡಕ್ಕಿದೆ ಅಂದುಕೊಳ್ಳಿ. ದೊಡ್ಡ ವಿಮಾನ ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಾದಿಯಲ್ಲಿ, ಬರುತ್ತಿದೆ. ಈಗ ಚೆಕ್‌ಲಿಸ್ಟ್ ಓದುತ್ತ ತಲೆ ಕೆಳಗೆ ಹಾಕಬೇಡಿ. ಅದನ್ನೇ ನೋಡಿ. ಚಕ್ರ ನೆಲ ಮುಟ್ಟಿದ ಕ್ಷಣ ಟೈರಿನಿಂದ ಬಿಳಿ ಹೊಗೆ ಪುಸ್ಸೆಂದು ಏಳುತ್ತದೆ. ಆ ಜಾಗದ ಪಕ್ಕದಲ್ಲಿ ಏನಿದೆ ನೋಡಿಟ್ಟುಕೊಳ್ಳಿ. ಒಂದು ಟ್ಯಾಕ್ಸಿವೇ (ರನ್‌ವೇ ಬಿಟ್ಟು ಹೊರಗೆ ಹೋಗುವ ದಾರಿ) ತಿರುವು, ಒಂದು ಬೋರ್ಡು, ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ಕಂಬ, ಏನಾದರೂ ಸರಿ. ಅಲ್ಲಿಗೆ ಅದರ ಸುಳಿ ಮುಗಿಯಿತು. ರೆಕ್ಕೆ ಭಾರ ಹೊರುವುದನ್ನು ನಿಲ್ಲಿಸಿದ ಮೇಲೆ ಹೊಸ ಸುಳಿ ಹುಟ್ಟುವುದಿಲ್ಲ. ಅದರ ಹಿಂದಿನದೆಲ್ಲ ಅಪಾಯದ ಜಾಗ, ಮುಂದಿನದು ಚೊಕ್ಕ ಗಾಳಿ. ದೊಡ್ಡ ಜೆಟ್‌ಗಳು ಸಾಮಾನ್ಯವಾಗಿ ರನ್‌ವೇ ತುದಿಯಿಂದ 300–400 ಮೀಟರ್ ಒಳಗಿರುವ ಎರಡು ದಪ್ಪ ಬಿಳಿ ಪಟ್ಟಿಗಳ ಕಡೆ ಗುರಿ ಇಟ್ಟು ಬಂದು ಅಲ್ಲೇ ಅಥವಾ ಅದರಿಂದ ಸ್ವಲ್ಪ ಮುಂದೆ ಮುಟ್ಟುತ್ತವೆ. ರನ್‌ವೇ 2,500–3,000 ಮೀಟರ್ ಉದ್ದ ಇದ್ದರೆ ಅದರಾಚೆ ನಿಮ್ಮ ಸೆಸ್ನಾ ಇಳಿದು ನಿಲ್ಲಲು ಬೇಕಾದಷ್ಟು ಜಾಗ ಉಳಿಯುತ್ತದೆ. ತುದಿಯಲ್ಲೇ ಮುಟ್ಟಿಸಬೇಕು ಅನ್ನುವ ಹಟ ಇಲ್ಲಿ ಬೇಡ. ರನ್‌ವೇ ಚಿಕ್ಕದಾಗಿದ್ದರೆ ಮುಂದೆ ಇಳಿಯುವ ಯೋಚನೆಯನ್ನೇ ಬಿಡಿ, ಕಾಯಿರಿ.

ಎತ್ತರದ ಮಾತು. ಜೆಟ್ ಬರುವುದು ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಒಂದು ನಾಟಿಕಲ್ ಮೈಲಿಗೆ (ಸುಮಾರು 1.85 ಕಿ.ಮೀ.) ಸುಮಾರು 300 ಅಡಿ. ಅದು ಬಿಟ್ಟು ಹೋದ ಸುಳಿಗಳು ಮೊದಲಿಗೆ ನಿಮಿಷಕ್ಕೆ 300ರಿಂದ 500 ಅಡಿಯಂತೆ ಕೆಳಗಿಳಿಯುತ್ತವೆ. ಹಾಗಾಗಿ ಅದರ ಹಾದಿಯ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಎತ್ತರದಲ್ಲಿ ಬಂದರೆ ಸುಳಿ ನಿಮ್ಮ ಕೆಳಗಿರುತ್ತದೆ. ಪಾಪಿ (PAPI) ದೀಪ, ಅಂದರೆ ಎತ್ತರ ಸರಿಯಿದೆಯೋ ಇಲ್ಲವೋ ತೋರಿಸುವ ರನ್‌ವೇ ಪಕ್ಕದ ನಾಲ್ಕು ದೀಪಗಳು, ಇದ್ದರೆ ಎರಡು ಬಿಳಿ ಎರಡು ಕೆಂಪು ಅನ್ನುವುದು ಹೆಚ್ಚುಕಡಿಮೆ ಜೆಟ್ಟಿನ ಹಾದಿಯೇ. ಮೂರು ಬಿಳಿ ಒಂದು ಕೆಂಪು ಇಟ್ಟುಕೊಂಡು ಬನ್ನಿ. ಮೂರು ಕೆಂಪು ಕಂಡಿತೋ, ಬೇರೆ ದಿನ ಅದು ಸುಮ್ನೆ ಒಂದು ತಪ್ಪು, ಈ ದಿನ ನೀವು ಸುಳಿಯ ಕಡೆಗೇ ಇಳಿಯುತ್ತಿದ್ದೀರಿ.

ಈಗ ಗಾಳಿ. ನನ್ನ ಪ್ರಕಾರ ವಿಷಯದ ತಿರುಳು ಇಲ್ಲೇ ಇದೆ, ಪುಸ್ತಕದಲ್ಲಿ ಮಾತ್ರ ಅರ್ಧ ಪುಟಕ್ಕೆ ಮುಗಿಸಿಬಿಡುತ್ತಾರೆ. ಜೋರು ಗಾಳಿಯ ದಿನ ಎಲ್ಲರೂ ಹುಷಾರಾಗಿರುತ್ತಾರೆ. ಬೆಳಗ್ಗೆ ತಂಪು ಹೊತ್ತಿನಲ್ಲಿ ವಿಂಡ್‌ಸಾಕ್ ಜೋತು ಬಿದ್ದಿರುತ್ತದೆ, ವಿಮಾನ ಕೈಯಲ್ಲಿ ಬೆಣ್ಣೆಯ ಹಾಗೆ ನಡೆಯುತ್ತದೆ, ತರಬೇತಿಯವರಿಗೆ ಖುಷಿಯೋ ಖುಷಿ. ಸುಳಿಗೂ ಖುಷಿ! ಒರಟು ಗಾಳಿ ಸುಳಿಯನ್ನು ಬೇಗ ಒಡೆದು ಹಾಕುತ್ತದೆ. ಗಾಳಿಯೇ ಇಲ್ಲದಿದ್ದರೆ ಅದು ಒಡೆಯದೆ ಉಳಿದು ನಿಧಾನಕ್ಕೆ ಸಾಯುತ್ತದೆ, ಅದಕ್ಕೆ ನಿಮಿಷಗಳೇ ಬೇಕು.

ನೆಲದ ಹತ್ತಿರ ಬಂದ ಸುಳಿಗಳಿಗೆ ಇನ್ನು ಕೆಳಗಿಳಿಯಲು ಜಾಗ ಇಲ್ಲ. ಎರಡೂ ಪಕ್ಕಕ್ಕೆ ಸರಿಯುತ್ತವೆ, ಒಂದು ಎಡಕ್ಕೆ ಒಂದು ಬಲಕ್ಕೆ, 2–3 ನಾಟ್ (ಗಂಟೆಗೆ ಸುಮಾರು 4–6 ಕಿ.ಮೀ.) ವೇಗದಲ್ಲಿ. ಗಾಳಿ ಪೂರ್ತಿ ನಿಂತಿದ್ದರೆ ಎರಡೂ ರನ್‌ವೇ ಬಿಟ್ಟು ಆಚೆ ಹೋಗುತ್ತವೆ. ಆದರೆ ಪಕ್ಕದಿಂದ ಅಷ್ಟೇ ಮೆಲ್ಲಗೆ, 3 ನಾಟ್ ಅಂದುಕೊಳ್ಳಿ, ಗಾಳಿ ಬೀಸುತ್ತಿದ್ದರೆ? ಗಾಳಿ ಬರುವ ಕಡೆಯ ಸುಳಿ ಆಚೆ ಹೋಗಲು ನೋಡುತ್ತದೆ, ಗಾಳಿ ಅದನ್ನು ವಾಪಸ್ ತಳ್ಳುತ್ತದೆ. ಲೆಕ್ಕ ಸಮ ಆಯಿತು. ಸುಳಿ ರನ್‌ವೇ ಮೇಲೇ ನಿಂತುಬಿಡುತ್ತದೆ. ಇನ್ನೊಂದು ಕಡೆಯದು ಜೋರಾಗಿ ಸರಿದು ಪಕ್ಕದಲ್ಲಿ ಇನ್ನೊಂದು ರನ್‌ವೇ ಇದ್ದರೆ ಅಲ್ಲಿಗೆ ಹೋಗಿ ಕೂರುತ್ತದೆ. ಇದಕ್ಕಿಂತ ಕೆಟ್ಟದ್ದು ಹಿಂದಿನ ಮೂಲೆಯಿಂದ ಬೀಸುವ ಮೆಲುಗಾಳಿ. ಅದು ಸುಳಿಯನ್ನು ರನ್‌ವೇ ಮೇಲೂ ಹಿಡಿದಿಡುತ್ತದೆ, ಜೊತೆಗೆ ಮುಂದಕ್ಕೂ ತಳ್ಳುತ್ತದೆ. ನೀವು ಚೊಕ್ಕ ಎಂದುಕೊಂಡು ಗುರಿ ಇಟ್ಟ ಜಾಗಕ್ಕೇ ಬಂದುಬಿಡಬಹುದು. ಅಂಥ ದಿನ ಇನ್ನಷ್ಟು ಮುಂದೆ ಇಳಿಯಿರಿ, ಇಲ್ಲವಾದರೆ ಇನ್ನೊಂದು ಸುತ್ತು ಹಾಕಿ.

ಮುಂದಿನ ವಿಮಾನ ಇಳಿಯುತ್ತಿಲ್ಲ, ಹೊರಡುತ್ತಿದೆ ಅಂದರೆ ಲೆಕ್ಕ ಉಲ್ಟಾ. ಅದು ಮೂಗು ಎತ್ತಿದ ಜಾಗದಿಂದ ಸುಳಿ ಶುರು. ಅದಕ್ಕಿಂತ ಸಾಕಷ್ಟು ಹಿಂದೆಯೇ ಇಳಿದು ಮುಗಿಸಿ. ಅದೇ ಅದು ರನ್‌ವೇ ಮುಟ್ಟಿ ಮತ್ತೆ ಏರಿದರೆ, ಅಥವಾ ಇಳಿಯದೆ ಕೆಳಗೇ ಹಾರಿ ಗೋ ಅರೌಂಡ್ ಮಾಡಿದರೆ, ರನ್‌ವೇ ಉದ್ದಕ್ಕೂ ಎಲ್ಲೆಂದರಲ್ಲಿ ಸುಳಿ ಇರಬಹುದು. ಚೊಕ್ಕ ಗಾಳಿ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. 1972ರಲ್ಲಿ ಆಗಿದ್ದು ಇದೇ.

ಇಷ್ಟಾದರೂ ಸಿಕ್ಕಿಕೊಂಡರೆ? ಸಾಮಾನ್ಯವಾಗಿ ಮೊದಲು ಸಣ್ಣದಾಗಿ ಟಪ್ ಅಂತ ತಟ್ಟಿದಂತಾಗುತ್ತದೆ, ಆಮೇಲೆ ಒಂದು ರೆಕ್ಕೆ ತಾನಾಗಿಯೇ ಇಳಿಯುತ್ತದೆ. ಯೋಕ್ (ವಿಮಾನ ತಿರುಗಿಸುವ ಹಿಡಿ) ಪೂರ್ತಿ ಎದುರು ದಿಕ್ಕಿಗೆ ತಿರುಗಿಸಿದರೂ ಕೇಳದೆ ಇರಬಹುದು. ಸೆಸ್ನಾ 172ರ ರೆಕ್ಕೆ ತುದಿಯಿಂದ ತುದಿಗೆ 11 ಮೀಟರ್. ದೊಡ್ಡ ಜೆಟ್ಟಿನ ಸುಳಿಯೊಳಗೆ ಅದು ಪೂರ್ತಿ ಮುಳುಗಿ ಹೋಗುತ್ತದೆ, ಸುಳಿಯ ತಿರುಗುವ ವೇಗದ ಮುಂದೆ ಏಲೆರಾನ್ (ವಿಮಾನವನ್ನು ಓರೆ ಮಾಡುವ, ರೆಕ್ಕೆಯ ಹಿಂಬದಿಯ ಪಟ್ಟಿ) ಸೋಲುತ್ತದೆ. ಹೆದರಿ ಯೋಕನ್ನು ಎದೆಗೆ ಎಳೆದುಕೊಳ್ಳಬೇಡಿ, ಉರುಳುವಾಗ ಎಳೆದರೆ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಪವರ್ ಪೂರ್ತಿ, ಯೋಕ್ ಸ್ವಲ್ಪ ಸಡಿಲ, ರೆಕ್ಕೆ ಸಮ, ಆಮೇಲೆ ಏರುವುದು. ರಡ್ಡರ್ (ಬಾಲದ ಚುಕ್ಕಾಣಿ) ಪೆಡಲನ್ನು ಎಡ ಬಲ ಎಡ ಬಲ ಅಂತ ತುಳಿಯಬೇಡಿ. 2001ರ ನವೆಂಬರ್ 12ರಂದು ನ್ಯೂಯಾರ್ಕ್‌ನಲ್ಲಿ ಏರುತ್ತಿದ್ದ ಅಮೆರಿಕನ್ ಏರ್‌ಲೈನ್ಸ್‌ನ ಎ300, ಮುಂದಿದ್ದ 747ರ ಸುಳಿಗೆ ಸಿಕ್ಕಿದಾಗ ಪೈಲಟ್ ಹಾಗೆ ತುಳಿದಿದ್ದಕ್ಕೆ ಬಾಲವೇ ಮುರಿದು ಬಿತ್ತು. ವಿಮಾನದಲ್ಲಿದ್ದವರು, ನೆಲದಲ್ಲಿದ್ದವರು ಸೇರಿ 265 ಜನ ಸತ್ತರು.

ಆದರೆ 100 ಅಡಿಯಲ್ಲಿ ಸುಳಿಗೆ ಸಿಕ್ಕರೆ ಈ ಯಾವ ಉಪಾಯಕ್ಕೂ ಸಮಯ ಇರುವುದಿಲ್ಲ, ಅದೂ ಗೊತ್ತಿರಲಿ. ಅದಕ್ಕೇ ಹೊಗೆ ಎದ್ದ ಜಾಗ ನೋಡಿಟ್ಟುಕೊಳ್ಳಿ ಅಂತ ಇಷ್ಟು ಉದ್ದ ಬರೆದದ್ದು.

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಹವ್ಯಾಸಕ್ಕೆ ವೀಕೆಂಡ್‌ನಲ್ಲಿ ಸೆಸ್ನಾ ಹಾರಿಸುತ್ತೇನೆ. ಟವರ್‌ನವರು ಬೋಯಿಂಗ್ 737 ಹಿಂದೆ ಬಾ, ವೇಕ್ ಟರ್ಬುಲೆನ್ಸ್ ಇದೆ ಹುಷಾರು, ಕ್ಲಿಯರ್ಡ್ ಟು ಲ್ಯಾಂಡ್ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಇಳಿಯಬಹುದು ಅಂತ ಅವರೇ ಹೇಳಿದ ಮೇಲೆ ಅಂತರ ನೋಡಿಕೊಳ್ಳುವುದು ಅವರ ಜವಾಬ್ದಾರಿ ಅಲ್ಲವೇ?

ಅಲ್ಲ. ರೇಡಿಯೋದಲ್ಲಿ "ಆ 737 ನನಗೆ ಕಾಣುತ್ತಿದೆ" ಅಂದಿರಲ್ಲ, ಅದನ್ನು ಹಿಂಬಾಲಿಸುತ್ತೇನೆ ಅಂತ ಒಪ್ಪಿದಿರಲ್ಲ, ಅಲ್ಲಿಗೆ ಜವಾಬ್ದಾರಿ ನಿಮ್ಮ ತಲೆಗೆ ಬಂತು. ಹುಷಾರು ಅನ್ನುವ ಆ ಮಾತು ಬರೀ ಉಪಚಾರಕ್ಕೆ ಅಂದುಕೊಂಡವರು ತುಂಬಾ ಜನ. ಕ್ಲಿಯರ್ಡ್ ಟು ಲ್ಯಾಂಡ್ ಅಂದರೆ ರನ್‌ವೇ ನಿಮ್ಮದು ಅಂತ ಮಾತ್ರ. ಅದರ ಮೇಲಿನ ಗಾಳಿ ಹೇಗಿದೆ ಅಂತ ಟವರ್‌ನಲ್ಲಿ ಕೂತವರಿಗೂ ಕಾಣುವುದಿಲ್ಲ.

ಮೈಲಿ ಲೆಕ್ಕವೂ ನಿಮ್ಮಂಥವರನ್ನು ದಾರಿ ತಪ್ಪಿಸುತ್ತದೆ. ರೇಡಾರ್ ನೋಡಿ ಸಾಲಾಗಿ ತರುವ ವಿಮಾನಗಳಿಗೆ ಅಂತರರಾಷ್ಟ್ರೀಯ ಅಳತೆಯಲ್ಲಿ ಲೈಟ್‌ಗೆ ಮೀಡಿಯಂ ಹಿಂದೆ 5 ನಾಟಿಕಲ್ ಮೈಲಿ (ಸುಮಾರು 9 ಕಿ.ಮೀ.), ಹೆವಿ ಹಿಂದೆ 6 ಅಂತ ಇದೆ. ಸೆಸ್ನಾ 65 ನಾಟ್‌ನಲ್ಲಿ 5 ಮೈಲಿ ದಾಟಲು ನಾಲ್ಕೂವರೆ ನಿಮಿಷ ಬೇಕು, ಅಷ್ಟರಲ್ಲಿ ಸುಳಿಯ ಬಲ ಬಹಳ ಮಟ್ಟಿಗೆ ಇಳಿದಿರುತ್ತದೆ. ಆದರೆ ಕಣ್ಣಳತೆಯಲ್ಲಿ ಹಾರುವ ನೀವು ರನ್‌ವೇ ಪಕ್ಕದಲ್ಲೇ ಡೌನ್‌ವಿಂಡ್‌ನಲ್ಲಿ ಇರುತ್ತೀರಿ. 737 ನಿಮ್ಮ ಪಕ್ಕದಿಂದ ದಾಟಿದ ಕೂಡಲೇ ಬೇಸ್‌ಗೆ (ಫೈನಲ್‌ಗೆ ಸೇರಿಸುವ ಅಡ್ಡ ಹಾದಿಗೆ) ತಿರುಗಿ, ಚಿಕ್ಕದಾಗಿ ಫೈನಲ್ ಹಿಡಿದರೆ ಒಂದೂವರೆ ನಿಮಿಷದಲ್ಲಿ ಅದು ಇದ್ದ ಜಾಗದಲ್ಲಿ ನೀವು. ನಿಮ್ಮ ಥರದವರಿಗೆ ಮೈಲಿಗಿಂತ ಗಡಿಯಾರ ಮುಖ್ಯ. ಅದು ನಿಮ್ಮ ಪಕ್ಕ ದಾಟಿದಾಗ ಸ್ಟಾಪ್‌ವಾಚ್ ಒತ್ತಿ.

ಡೌನ್‌ವಿಂಡ್ ಉದ್ದ ಮಾಡುತ್ತೇನೆ ಅಂತ ಕೇಳಿ. ಒಂದು ಪೂರ್ತಿ ಸುತ್ತು ಹಾಕಲು ಅನುಮತಿ ಕೇಳಿ. ಆಗುವುದಿಲ್ಲ ಅನ್ನಿಸಿದರೆ "ಅನೇಬಲ್" (ನನ್ನಿಂದ ಆಗದು) ಅನ್ನುವ ಒಂದೇ ಪದ ಸಾಕು, ಯಾರೂ ಬೈಯುವುದಿಲ್ಲ. ನಮ್ಮವರಿಗೆ ಇದೊಂದು ಕಷ್ಟ ನೋಡಿ, ಟವರ್‌ನವರು ಹೇಳಿದ್ದಕ್ಕೆ ಇಲ್ಲ ಅನ್ನುವುದು ಮೇಷ್ಟ್ರಿಗೆ ಎದುರು ಮಾತಾಡಿದ ಹಾಗೆ ಅನ್ನಿಸುತ್ತದೆ. ಹಿಂದೆ ಇನ್ನೂ ನಾಲ್ಕು ವಿಮಾನ ಕಾಯುತ್ತಿವೆ ಅಂತ ಸಂಕೋಚ ಬೇರೆ. ಕಾಯಲಿ ಬಿಡಿ.

ಪ್ರಶ್ನೆ: ತಿಂಗಳಿಗೆರಡು ಸಲ ಮಂಗಳೂರು–ಬೆಂಗಳೂರು ವಿಮಾನದಲ್ಲಿ ಓಡಾಡುತ್ತೇನೆ. ನಮ್ಮಂಥ ಪ್ರಯಾಣಿಕರಿಗೂ ಇದರ ಅಪಾಯ ಇದೆಯಾ? ಬೆಂಗಳೂರಿಗೆ ಎ380 ಕೂಡ ಬರುತ್ತದಂತೆ.
(ವ್ಯಾಪಾರಿ, ಮಂಗಳೂರು)

ನೆಮ್ಮದಿಯಾಗಿ ಓಡಾಡಿ. ಎ380 ಬೆಂಗಳೂರಿಗೆ 2022ರಿಂದ ಬರುತ್ತಿದೆ, ನಿಜ. ಅದು ಮೊದಲ ಸಲ ಮಾತಾಡುವಾಗ ತನ್ನ ಹೆಸರಿನ ಜೊತೆ "ಸೂಪರ್" ಅಂತ ಸೇರಿಸಿಯೇ ಹೇಳಬೇಕು, ಎಲ್ಲರಿಗೂ ಗೊತ್ತಾಗಲಿ ಅಂತ. ಅದರ ಹಿಂದೆ ನಿಮ್ಮ ವಿಮಾನದಂಥ ಮೀಡಿಯಂ ಬರಬೇಕಾದರೆ ಹಳೆಯ ಲೆಕ್ಕದಲ್ಲಿ 7 ನಾಟಿಕಲ್ ಮೈಲಿ ಬಿಡುತ್ತಾರೆ. ಆಕಾಶ ಸ್ವಚ್ಛ ಇದ್ದರೂ ಇಳಿಯುವ ಹೊತ್ತಿಗೆ ಒಮ್ಮೆ ಧಡಕ್ ಅಂತ ಅಲುಗಾಡಿ ಮತ್ತೆ ಏನೂ ಆಗದಂತೆ ಹೋದರೆ ಯಾರದೋ ಹಳೇ ಸುಳಿಯನ್ನು ದಾಟಿರಬಹುದು. ಬೆಲ್ಟ್ ಹಾಕಿಕೊಂಡಿರಿ, ಅಷ್ಟೇ.

ಪ್ರಶ್ನೆ: ದೇವನಹಳ್ಳಿ ಕಡೆ ಸೈಟು ತೆಗೆದುಕೊಂಡಿದ್ದೇವೆ. ವಿಮಾನದ ಗಾಳಿಗೆ ಹೆಂಚು ಹಾರಿಹೋಗುತ್ತದೆ ಅಂತ ಒಬ್ಬರು ಹೆದರಿಸಿದರು. ನಿಜವೇ?
(ಗೃಹಿಣಿ, ಬೆಂಗಳೂರು)

ಅಪರೂಪಕ್ಕೆ, ಆದರೆ ನಿಜ. ರನ್‌ವೇಗೆ ತೀರಾ ಹತ್ತಿರ, ವಿಮಾನ ಇಳಿಯುವ ಸಾಲಿನ ಅಡಿಯಲ್ಲೇ ಮನೆ ಇದ್ದರೆ ಮಾತ್ರ. ಲಂಡನ್ನಿನ ಹೀತ್ರೂ ಸುತ್ತಮುತ್ತ ಸುಳಿ ಕೆಳಗಿಳಿದು ಹೆಂಚು ಕಿತ್ತ ಪ್ರಕರಣಗಳಿವೆ, ವಿಮಾನ ನಿಲ್ದಾಣದವರೇ ಅದನ್ನು ಸರಿಮಾಡಿಸಿ ಕೊಡುವ ಏರ್ಪಾಡಿದೆ. ಜರ್ಮನಿಯ ಫ್ರಾಂಕ್‌ಫರ್ಟ್ ಪಕ್ಕದ ಫ್ಲೋರ್ಸ್‌ಹೈಮ್ ಊರಿನಲ್ಲೂ ಇದೇ ಗಲಾಟೆ. ಅಲ್ಲಿ ಹೆಂಚುಗಳಿಗೆ ಕೊಕ್ಕೆ ಹಾಕಿ ಬಿಗಿಸಿದರು. ನೀವು ಕಟ್ಟುವುದು ಆರ್‌ಸಿಸಿ ತಾರಸಿ ತಾನೇ? ಹಾಗಾದರೆ ಸದ್ದಿನ ಬಗ್ಗೆ ಯೋಚಿಸಿ, ಹೆಂಚಿನ ಬಗ್ಗೆ ಅಲ್ಲ.

ಪ್ರಶ್ನೆ: ನಾನು 9ನೇ ತರಗತಿ. ನಮ್ಮೂರ ಹತ್ತಿರ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೆಬ್ಬಾತುಗಳು ಬರುತ್ತವೆ. ಅವು ಸಾಲಾಗಿ ಒಂದರ ಹಿಂದೆ ಒಂದು ಹಾರುತ್ತವಲ್ಲ, ಅವಕ್ಕೆ ಮುಂದಿನ ಹಕ್ಕಿಯ ಸುಳಿ ತೊಂದರೆ ಕೊಡುವುದಿಲ್ಲವೇ?
(ವಿದ್ಯಾರ್ಥಿ, ಗದಗ ಜಿಲ್ಲೆ)

ಭಲೇ! ಈ ಸಲದ ಪ್ರಶ್ನೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ನಿನ್ನದೇ.

ಮುಂದಿನ ಸಲ ಪಟ್ಟೆತಲೆ ಹೆಬ್ಬಾತುಗಳು ಹಾರುವಾಗ ಸರಿಯಾಗಿ ನೋಡು, ನೇರ ಹಿಂದೆ ಯಾವುದೂ ಇರುವುದಿಲ್ಲ. ಒಂದರ ರೆಕ್ಕೆ ತುದಿಯಿಂದ ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಹಿಂದೆ ಇನ್ನೊಂದು. ಮೇಲೆ ಬರೆದಿದ್ದೇನಲ್ಲ, ಎರಡು ಸುಳಿಗಳ ನಡುವೆ ಗಾಳಿ ಕೆಳಕ್ಕೆ, ಹೊರಗಡೆ ಮೇಲಕ್ಕೆ. ಹಕ್ಕಿ ಆ ಮೇಲಕ್ಕೆ ಏಳುವ ಗಾಳಿಯನ್ನು ಹುಡುಕಿ ಅದರ ಮೇಲೆ ಕೂರುತ್ತದೆ. ಶ್ರಮ ಕಡಿಮೆ. 2014ರಲ್ಲಿ ಐಬಿಸ್ ಹಕ್ಕಿಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಅಳೆದವರು ಇನ್ನೊಂದು ಸೋಜಿಗ ಕಂಡರು. ಹಿಂದಿನ ಹಕ್ಕಿ ರೆಕ್ಕೆ ಬಡಿಯುವ ಹೊತ್ತನ್ನೂ ಮುಂದಿನ ಹಕ್ಕಿಯ ಗಾಳಿಗೆ ಹೊಂದಿಸಿಕೊಳ್ಳುತ್ತದೆ!

ಮನುಷ್ಯರೂ ಇದನ್ನು ಪ್ರಯತ್ನ ಮಾಡಿದ್ದಾರೆ. 2021ರ ನವೆಂಬರ್‌ನಲ್ಲಿ ಏರ್‌ಬಸ್‌ನವರು ಎರಡು ಎ350 ವಿಮಾನಗಳನ್ನು ಸುಮಾರು 3 ಕಿ.ಮೀ. ಅಂತರದಲ್ಲಿ ಫ್ರಾನ್ಸಿನ ಟೂಲೂಸ್‌ನಿಂದ ಕೆನಡಾದ ಮಾಂಟ್ರಿಯಲ್‌ಗೆ ಹಾರಿಸಿದರು. ಹಿಂದಿನದ್ದು ಮುಂದಿನದರ ಸುಳಿಯ ಹೊರ ಅಂಚಿನಲ್ಲಿ ಕೂತು ಇಂಧನ ಉಳಿಸಿತು. ಅದು ಮೇಲೆ, ಸಮುದ್ರದ ಮೇಲೆ, ಕಂಪ್ಯೂಟರ್ ಸಹಾಯದಿಂದ. ಇಳಿಯುವಾಗ ಯಾರೂ ಈ ಸಾಹಸ ಮಾಡುವುದಿಲ್ಲ.

ಪ್ರಶ್ನೆ: ರೆಕ್ಕೆಯ ತುದಿ ಮೇಲಕ್ಕೆ ಬಾಗಿರುತ್ತದಲ್ಲ, ಅದು ಸುಳಿ ನಿಲ್ಲಿಸಲಿಕ್ಕೇ ಅಲ್ಲವೇ? ಮತ್ತೆ ಇನ್ನೂ ಏನು ಭಯ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ವಿಂಗ್‌ಲೆಟ್ ಇರುವುದು ಇಂಧನ ಉಳಿಸಲಿಕ್ಕೆ. ಸುಳಿ ಸ್ವಲ್ಪ ಬದಲಾಗುತ್ತದೆ, ಹೋಗುವುದಿಲ್ಲ. ವಿಮಾನ ಹಾರುತ್ತಿದೆ ಅಂದರೆ ರೆಕ್ಕೆ ಭಾರ ಹೊರುತ್ತಿದೆ, ರೆಕ್ಕೆ ಭಾರ ಹೊರುತ್ತಿದೆ ಅಂದರೆ ಸುಳಿ ಇದೆ. ನೆಲದ ಕಡೆಯಿಂದ ಮದ್ದು ಹುಡುಕಿದವರು ಜರ್ಮನಿಯ ಡಿಎಲ್ಆರ್ ಎಂಬ ವಿಮಾನ ಮತ್ತು ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯವರು. ರನ್‌ವೇ ತುದಿಗೂ ಮೊದಲು ನೆಲದಲ್ಲಿ ಸಾಲಾಗಿ ಹಲಗೆಗಳನ್ನು ನಿಲ್ಲಿಸಿದರೆ ಸುಳಿ ಅವಕ್ಕೆ ತಾಗಿ ಬೇಗ ಒಡೆಯುತ್ತದೆ. 2019ರಲ್ಲಿ ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ಪರೀಕ್ಷೆ ಮಾಡಿ ನೋಡಿದರು, ಕೆಲಸ ಮಾಡಿತು. ಇಷ್ಟು ಸರಳವಾದದ್ದು ಇನ್ನೂ ಎಲ್ಲ ಕಡೆ ಬಂದಿಲ್ಲ ಅನ್ನುವುದೇ ಬೇಜಾರು.

ಪ್ರಶ್ನೆ: ಹೆಲಿಕಾಪ್ಟರ್‌ಗೆ ರೆಕ್ಕೆಯೇ ಇಲ್ಲ. ಅದರ ಹಿಂದೆ ಇಳಿಯಬಹುದಲ್ಲವೇ?
(ತರಬೇತಿ ಪೈಲಟ್, ಮೈಸೂರು)

ರೆಕ್ಕೆ ಇಲ್ಲ ಅಂದವರ್‍ಯಾರು? ಮೇಲೆ ತಿರುಗುತ್ತಿರುವುದೇ ರೆಕ್ಕೆ. ಮುಂದಕ್ಕೆ ಹಾರುವ ಹೆಲಿಕಾಪ್ಟರ್ ಕೂಡ ವಿಮಾನದ ಹಾಗೆಯೇ ಹಿಂದೆ ಎರಡು ಸುಳಿ ಬಿಡುತ್ತದೆ. ಒಂದೇ ಕಡೆ ನಿಂತು ತೇಲುತ್ತಿದ್ದರೆ ಕೆಳಗೆ ಸುರಿದ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ, ಅದರ ರೋಟರ್ (ತಿರುಗುವ ರೆಕ್ಕೆ) ಅಗಲದ ಮೂರು ಪಟ್ಟು ದೂರದೊಳಗೆ ಹೋಗಬೇಡಿ. ಟ್ಯಾಕ್ಸಿ ಮಾಡುತ್ತಿದ್ದರೂ ಇದೇ ಲೆಕ್ಕ. ಅದು ರನ್‌ವೇ ಪಕ್ಕದಲ್ಲಿ ತೇಲುತ್ತಿದ್ದು, ಗಾಳಿ ಆ ಕಡೆಯಿಂದ ರನ್‌ವೇ ಕಡೆಗೆ ಬೀಸುತ್ತಿದ್ದರೆ ಅದು ಕೂರುವವರೆಗೆ ಅಥವಾ ಹೊರಟು ಹೋಗುವವರೆಗೆ ಮೇಲೇ ಇರಿ.